ಹೆಸರು ಕಾಣದಿದ್ದರೆ ಫೋಲ್ಡರ್ ಹೋಯಿತೆಂದಲ್ಲ

ಬ್ಯಾಡಗಿಯ ಮೆಣಸಿನಕಾಯಿ ಅಡತಿ ಅಂಗಡಿಯೊಂದನ್ನು ನೆನೆಯಿರಿ. ಮೂರು ಕಂಪ್ಯೂಟರ್, ಲೆಕ್ಕವೆಲ್ಲ ಒಂದರ ಶೇರ್ ಫೋಲ್ಡರಿನಲ್ಲಿ. ಬೆಳಿಗ್ಗೆ ‘ನೆಟ್‌ವರ್ಕ್’ ತೆರೆದರೆ ಆ ಕಂಪ್ಯೂಟರಿನ ಹೆಸರೇ ಇಲ್ಲ. ವೈರಸ್ ಹೊಕ್ಕಿದೆ, ಫಾರ್ಮ್ಯಾಟ್ ಮಾಡಿಸಿ ಎನ್ನುವವರಿಗೆ ಬರವಿಲ್ಲ. ಮಾನಿಟರಿಗೆ ನಿಂಬೆಹಣ್ಣು ಕಟ್ಟಿದರೂ ಅಷ್ಟೇ ಫಲ. ಅದರಲ್ಲಿ ಡೇಟಾ ಆದರೂ ಉಳಿಯುತ್ತದೆ!

ವಿಂಡೋಸ್ ಕೀ ಜೊತೆ ಆರ್ ಒತ್ತಿ, \\192.168.1.10 ಎಂಬಂತೆ ಆ ಯಂತ್ರದ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದರ ಮನೆ ನಂಬರು) ಬರೆದು ಎಂಟರ್ ಹೊಡೆಯಿರಿ. ತೆರೆಯಿತೇ? ಹಾಗಾದರೆ ಫೋಲ್ಡರ್ ಗಟ್ಟಿಯಾಗಿದೆ, ಕೆಟ್ಟಿರುವುದು ಯಂತ್ರದ ಹೆಸರು ಸಾರುವ ಡಂಗುರ ಮಾತ್ರ. ಡಂಗುರದವನು ಬರಲಿಲ್ಲವೆಂದು ಸಂತೆ ನಿಲ್ಲುವುದಿಲ್ಲ.

ಈ ಡಂಗುರದ ಕಥೆ ಸ್ವಾರಸ್ಯದ್ದು. ಮೊದಲು ಯಂತ್ರಗಳು ತಮ್ಮೊಳಗೇ ಚುನಾವಣೆ ನಡೆಸಿ ಹೆಸರುಗಳ ಪಟ್ಟಿ ಇಡುವ ಒಬ್ಬ ‘ಮಾಸ್ಟರ್ ಬ್ರೌಸರ್’ನನ್ನು ಆರಿಸುತ್ತಿದ್ದವು. ಪ್ರತಿಯೊಂದೂ 12 ನಿಮಿಷಕ್ಕೊಮ್ಮೆ ‘ನಾನಿದ್ದೇನೆ’ ಎಂದು ಕೂಗಬೇಕು. ಮೂರು ಕೂಗು ತಪ್ಪಿದ ಮೇಲಷ್ಟೇ ಪಟ್ಟಿಯಿಂದ ಹೆಸರು ತೆಗೆಯುತ್ತಿದ್ದರು. ಹಾಗಾಗಿ ಆಫ್ ಮಾಡಿದ ಕಂಪ್ಯೂಟರ್ ಕೂಡ ಅರ್ಧ ತಾಸಿಗೂ ಮೀರಿ ಪಟ್ಟಿಯಲ್ಲಿ ಜೀವಂತ! ಈ ಪದ್ಧತಿ ಫೈಲ್ ಹಂಚಿಕೆಯ ಹಳೆಯ ವಿಧಾನವಾದ ಎಸ್‌ಎಂಬಿ-1ಕ್ಕೆ ಅಂಟಿಕೊಂಡಿತ್ತು. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ವಾನಾಕ್ರೈ ಹರಡಿದ್ದು ಅದರ ತೂತಿನಿಂದಲೇ. ಅದೇ ವರ್ಷದ ವಿಂಡೋಸ್ 10, 1709ನೇ ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನು ಕೈಬಿಡತೊಡಗಿತು. ‘ಎಸ್‌ಎಂಬಿ-1 ಆನ್ ಮಾಡಿ, ಕಾಣುತ್ತದೆ’ ಎಂಬ ವಿಡಿಯೊ ಸಲಹೆಗಳನ್ನು ದಯವಿಟ್ಟು ಕೇಳಬೇಡಿ. ಕಿಟಕಿಯ ಚಿಲಕ ಸರಿಯಿಲ್ಲವೆಂದು ಹಿತ್ತಲ ಗೋಡೆ ಕೆಡವಿದ ಹಾಗೆ.

ಈಗ ಪಟ್ಟಿ ಇಟ್ಟುಕೊಳ್ಳುವ ಯಜಮಾನನಿಲ್ಲ. ‘ಯಾರಿದ್ದೀರಿ?’ ಎಂದು ಯುಡಿಪಿ 3702 ಎಂಬ ಪೋರ್ಟಿನಲ್ಲಿ ಕೇಳಿದರೆ ಇದ್ದವರು ತಾವೇ ಓಗೊಡುತ್ತಾರೆ. ಓಗೊಡುವುದು ‘ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್’ ಎಂಬ ಸರ್ವಿಸ್. ಹುಡುಕುವುದು ‘ಫಂಕ್ಷನ್ ಡಿಸ್ಕವರಿ ಪ್ರೊವೈಡರ್ ಹೋಸ್ಟ್’. ಹಲವು ಬಾರಿ ಮೊದಲನೆಯದು ನಿದ್ದೆ ಹೋಗಿರುತ್ತದೆ. ಶೇರ್ ಮಾಡಿದ ಯಂತ್ರದ ‘ಸರ್ವಿಸಸ್’ನಲ್ಲಿ ಅದನ್ನು ‘ಆಟೊಮ್ಯಾಟಿಕ್ (ಡಿಲೇಡ್ ಸ್ಟಾರ್ಟ್)’ಗೆ ಹಾಕಿ, ಸ್ಟಾರ್ಟ್ ಒತ್ತಿ.

ರೂಟರ್ ಬದಲಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ನೆಟ್‌ವರ್ಕ್ ಪ್ರೊಫೈಲ್ ‘ಪಬ್ಲಿಕ್’ ಆಗಿರಬಹುದು. ‘ಪ್ರೈವೇಟ್’ ಮಾಡಿ ನೆಟ್‌ವರ್ಕ್ ಡಿಸ್ಕವರಿ ಆನ್ ಮಾಡಿ. ಲ್ಯಾಪ್‌ಟಾಪ್ ಗೆಸ್ಟ್ ವೈಫೈಗೆ ಅಂಟಿಕೊಂಡಿದ್ದರೂ ಕೂಗು ಕೇಳಿಸದು.

ಐಪಿಯಿಂದಲೂ ತೆರೆಯದಿದ್ದರೆ ಅದು ಬೇರೆಯೇ ರೋಗ. ಫೈರ್‌ವಾಲ್‌ನಲ್ಲಿ ಫೈಲ್ ಹಂಚಿಕೆಯ ಬಾಗಿಲಾದ ಟಿಸಿಪಿ 445 ಪೋರ್ಟ್ ತೆರೆದಿದೆಯೇ ನೋಡಿ. ವಿಂಡೋಸ್ 11 ಪ್ರೊ 24ಎಚ್2 ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶ ಒಪ್ಪುವುದಿಲ್ಲ; ಶೇರ್ ಮಾಡಿದ ಯಂತ್ರದಲ್ಲಿ ಪಾಸ್‌ವರ್ಡ್ ಇರುವ ಒಂದು ಯೂಸರ್ ಮಾಡಿ, ಅದರಿಂದಲೇ ಒಳಹೋಗಿ. ಐಪಿ ದಿನಕ್ಕೊಂದಾಗದಂತೆ ರೂಟರಿನಲ್ಲಿ ಕಾಯ್ದಿರಿಸಿ, ಶೇರ್ ಫೋಲ್ಡರನ್ನು ಒಂದು ಡ್ರೈವ್‌ನಂತೆ ಕಾಣಿಸುವ ‘ಮ್ಯಾಪ್ ಡ್ರೈವ್’ ಮಾಡಿಕೊಂಡರೆ, ಡಂಗುರ ಕೇಳಿಸದ ದಿನವೂ ಲೆಕ್ಕ ಬರೆಯುವುದು ನಿಲ್ಲದು.