ಪೆಟ್ಟಿಗೆಯನ್ನು ಬಚ್ಚಲ ಒಲೆಗೆ ಹಾಕುವ ಮುಂಚೆ

ಆನ್‌ಲೈನ್‌ನಲ್ಲಿ ಮೋಸಹೋದವರು ನನ್ನ ಆಫೀಸಿಗೆ ಬರುವಾಗ ಮೊಬೈಲ್ ತರುತ್ತಾರೆ, ಬಂದ ವಸ್ತುವನ್ನೂ ತರುತ್ತಾರೆ. ಅದು ಬಂದ ರಟ್ಟಿನ ಪೆಟ್ಟಿಗೆ ಎಲ್ಲಿ ಅಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

ನಿವೃತ್ತ ಮೇಷ್ಟ್ರೊಬ್ಬರು ಮಗಳಿಗೆಂದು ಮಿಕ್ಸಿ ತರಿಸಿದ್ದರು. ಒಳಗಿದ್ದದ್ದು ಹಳೇ ಬಟ್ಟೆಯ ಗಂಟು. "ಪೆಟ್ಟಿಗೆ ಎಲ್ಲಿ ಮೇಷ್ಟ್ರೇ?" ಅಂದೆ. "ಮಾರನೇ ದಿನವೇ ನಮ್ಮವಳು ಬಚ್ಚಲ ಒಲೆಗೆ ಹಾಕಿದಳಮ್ಮ. ಆ್ಯಪ್‌ನಲ್ಲಿ ಎಲ್ಲ ಇದೆಯಲ್ಲ?" ಅಂದರು.

ಎಲ್ಲ ಇರುವುದಿಲ್ಲ. ಎಷ್ಟು ಸಲ ಹೇಳಿದ್ದೇನೋ, ಮತ್ತೆ ಹೇಳುತ್ತೇನೆ. ನೀವು ಏನು ಕೇಳಿದಿರಿ ಅನ್ನುವುದು ಆ್ಯಪ್‌ನಲ್ಲಿದೆ. ನಿಮ್ಮ ಬಾಗಿಲಿಗೆ ಏನು ಬಂತು ಅನ್ನುವುದಕ್ಕೆ ಸಾಕ್ಷಿ ಪೆಟ್ಟಿಗೆಯ ಮೇಲಿನ ಚೀಟಿ. ಕೊರಿಯರ್ ನಂಬರು, ಕಳಿಸಿದವರ ವಿಳಾಸ, ಎಷ್ಟೋ ಸಲ ತೂಕ ಕೂಡ ಅದರಲ್ಲಿರುತ್ತದೆ. "ನಾವು ಮಿಕ್ಸಿಯನ್ನೇ ಕಳಿಸಿದ್ದು, ಬಟ್ಟೆ ಇವರದೇ" ಎಂದು ಮಾರಿದವರು ಹೇಳಿದರೆ ಆಗ ಏನು ತೋರಿಸುತ್ತೀರಿ?

ಹೊಲಿಗೆ ಅಂಗಡಿಯ ಹೆಣ್ಣುಮಗಳೊಬ್ಬರಿಗೆ ಇಸ್ತ್ರಿಪೆಟ್ಟಿಗೆಯ ಬದಲು ಸೋಪಿನ ಬಿಲ್ಲೆಗಳು ಬಂದಿದ್ದವು. ಚೂರುಬಟ್ಟೆಯನ್ನೂ ಎಸೆಯದವರು ಅವರು. ರಟ್ಟನ್ನು ಟೇಪಿನ ಸಮೇತ ಮಡಿಸಿಟ್ಟಿದ್ದರು. ಚೀಟಿಯಲ್ಲಿ ತೂಕ 420 ಗ್ರಾಂ. ಅವರು ಆರ್ಡರ್ ಮಾಡಿದಂಥದ್ದೇ ಇಸ್ತ್ರಿಪೆಟ್ಟಿಗೆಯನ್ನು ಪಕ್ಕದ ದಿನಸಿ ಅಂಗಡಿಯ ತಕ್ಕಡಿಗಿಟ್ಟೆವು, ಎರಡು ಕಿಲೋ ದಾಟಿತು. ಲೀಗಲ್ ನೋಟಿಸಿಗೇ ಹಣ ವಾಪಸ್ಸಾಯಿತು. ಎಲ್ಲರದೂ ಹೀಗೇ ಮುಗಿಯುತ್ತದೆ ಎಂದು ನಾನು ಹೇಳಲಾರೆ. ಕೆಲವು ಚೀಟಿಗಳಲ್ಲಿ ತೂಕವೇ ಇರುವುದಿಲ್ಲ, ಇದ್ದರೂ ಅಂದಾಜಿನದ್ದಿರಬಹುದು.

ಹಾಗಾಗಿ ಬಿಚ್ಚುವ ಮುಂಚೆ ವಿಡಿಯೊ ಶುರು ಮಾಡಿ. ಪೆಟ್ಟಿಗೆಯ ಆರೂ ಮಗ್ಗುಲು ತೋರಿಸಿ, ಚೀಟಿಯ ಅಕ್ಷರ ಓದಲು ಬರುವಷ್ಟು ಹತ್ತಿರ ಹಿಡಿದು, ನಿಲ್ಲಿಸದೆ ಬಿಚ್ಚಿ. ವಾಟ್ಸ್ಆ್ಯಪ್‌ನಲ್ಲಿ ಯಾರಿಗೋ ಕಳಿಸಿ ಮೂಲವನ್ನು ಅಳಿಸಬೇಡಿ. ರಟ್ಟು ಅಟ್ಟದ ಮೇಲಿರಲಿ. ದೂರು ಕೊಟ್ಟಿದ್ದರೆ ಅದು ತೀರುವ ತನಕ.

ಕಂಪನಿ ದೆಹಲಿಯಲ್ಲಿದೆ ಎಂದು ಹೆದರಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ 2 ವರ್ಷದೊಳಗೆ ದೂರು ಹಾಕಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವಿಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ, ಕೆಲವರಿಗೆ ಅಲ್ಲೇ ಪರಿಹಾರ ಸಿಗುತ್ತದೆ.

ಮೇಷ್ಟ್ರ ದೂರನ್ನು ನಾನು ಬಿಟ್ಟಿಲ್ಲ. ಕೊರಿಯರ್‌ನವರ ತೂಕದ ದಾಖಲೆ ತರಿಸಬೇಕೆಂದು ಆಯೋಗಕ್ಕೆ ಅರ್ಜಿ ಹಾಕಿದ್ದೇನೆ. ಅದು ಬರುವವರೆಗೆ ನಮ್ಮ ಕೈಯಲ್ಲಿರುವುದು ಆ ಬಟ್ಟೆಯ ಗಂಟು ಮಾತ್ರ.