ಪಿತ್ತ ಲವಣಗಳ ಮೈಸೆಲ್: ತಲೆ-ಬಾಲದ ಚಿತ್ರ ಇಲ್ಲಿ ಸಲ್ಲುವುದಿಲ್ಲ

ಮೈಸೆಲ್ (ನೀರಿನಲ್ಲಿ ಅಣುಗಳು ಕೂಡಿ ಕಟ್ಟುವ ಪುಟ್ಟ ಗುಂಪು) ಎಂದೊಡನೆ ಕೈ ತಾನಾಗಿ ಒಂದು ಗೋಲ ಬರೆಯುತ್ತದೆ: ಹೊರಗೆ ನೀರಿಗೆ ಒಲಿದ ತಲೆಗಳು, ಒಳಗೆ ನೀರಿಗೆ ಒಗ್ಗದ ಬಾಲಗಳು. ಸಾಬೂನಿಗೆ ಇದು ಸರಿ. ಕೊಬ್ಬು ಜೀರ್ಣವಾಗಲು ಯಕೃತ್ತು ಕಳುಹಿಸುವ ಪಿತ್ತ ಲವಣಕ್ಕೂ ಅದನ್ನೇ ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಕ್ಕೀತು, ವಿಷಯ ತಿಳಿಯುವುದಿಲ್ಲ.

ಪಿತ್ತ ಲವಣಗಳಲ್ಲೊಂದಾದ ಕೋಲೇಟ್ ಅಣುವನ್ನು ಹತ್ತಿರದಿಂದ ನೋಡಿ. ಉದ್ದನೆಯ ಬಾಲವೇ ಇಲ್ಲ. ಇರುವುದು ನಾಲ್ಕು ಉಂಗುರಗಳ ಗಟ್ಟಿ ಸ್ಟೀರಾಯ್ಡ್ ಚೌಕಟ್ಟು, ಅದರ ಕೊನೆಗೆ ಋಣ ಆವೇಶ ಹೊತ್ತ ಗಿಡ್ಡ ಸರಪಳಿ. ಚೌಕಟ್ಟು ತುಸು ಬಾಗಿದೆ. ಬಾಗಿದ ಒಳಮೈಯಲ್ಲಿ 3, 7 ಮತ್ತು 12ನೆಯ ಇಂಗಾಲಗಳಿಗೆ ಅಂಟಿದ, ನೀರಿಗೆ ಒಲಿದ ಹೈಡ್ರಾಕ್ಸಿಲ್‌ಗಳು ಮೂರೂ ಒಂದೇ ಕಡೆಗೆ ಮುಖ ಮಾಡಿವೆ. ಉಬ್ಬಿದ ಬೆನ್ನಿನಲ್ಲಿ ನೀರಿಗೆ ಒಗ್ಗದ ಎರಡು ಮೀಥೈಲ್ ಗುಂಪುಗಳಿವೆ. ಒಂದೇ ಬದಿಗೆ ತುಪ್ಪ ಸವರಿದ ಅಕ್ಕಿ ರೊಟ್ಟಿ ಎಂದುಕೊಳ್ಳಿ. ನೀರಿನಲ್ಲಿ ಇವು ತುಪ್ಪದ ಬದಿಗಳನ್ನು ಒಳಗೆ ಮಾಡಿಕೊಂಡು ಕೂಡುತ್ತವೆ. ಕೂಡಿಸುವುದು ಅವುಗಳ ನಡುವಿನ ಸೆಳೆತಕ್ಕಿಂತ ಹೆಚ್ಚಾಗಿ ನೀರೇ: ಆ ಬೆನ್ನುಗಳ ಸುತ್ತ ಕಟ್ಟುಬಿದ್ದಿದ್ದ ನೀರಿನ ಅಣುಗಳು ಬಿಡುಗಡೆಯಾಗಿ ಎಂಟ್ರೊಪಿ (ಅಸ್ತವ್ಯಸ್ತತೆಯ ಅಳತೆ) ಹೆಚ್ಚುತ್ತದೆ.

ಗಟ್ಟಿ ಹಲಗೆಗಳನ್ನು ಗೋಲವಾಗಿ ಜೋಡಿಸುವುದು ಕಷ್ಟ. ಹಾಗಾಗಿ ಗುಂಪು ಚಿಕ್ಕದು. ಸಾಬೂನಿನಂಥ ಮಾರ್ಜಕವಾದ ಸೋಡಿಯಂ ಡೊಡೆಸೈಲ್ ಸಲ್ಫೇಟ್ ಸುಮಾರು 8 ಮಿಲಿಮೋಲಾರ್‌ನಲ್ಲಿ ಥಟ್ಟನೆ ಅರವತ್ತರಷ್ಟು ಅಣುಗಳ ಮೈಸೆಲ್ ಕಟ್ಟಿದರೆ, ಕೋಲೇಟ್ ಬೆರಳೆಣಿಕೆಯ ಅಣುಗಳನ್ನು ನಿಧಾನವಾಗಿ ಸೇರಿಸುತ್ತಾ ಹೋಗುತ್ತದೆ. ಮೈಸೆಲ್ ಕಟ್ಟತೊಡಗುವ ನಿರ್ಣಾಯಕ ಸಾಂದ್ರತೆ ಎಂದು ಒಂದೇ ಅಂಕಿಯನ್ನು ಬಾಯಿಪಾಠ ಮಾಡುವುದರಲ್ಲಿ ಅರ್ಥವಿಲ್ಲ. ಅಳೆಯುವ ವಿಧಾನ ಬದಲಾದರೆ ಅದೂ ಬದಲಾಗುತ್ತದೆ. ಒಂದು ಹೈಡ್ರಾಕ್ಸಿಲ್ ಕಡಿಮೆಯಿರುವ ಡಿಆಕ್ಸಿಕೋಲೇಟ್ ಇನ್ನೂ ಕಡಿಮೆ ಸಾಂದ್ರತೆಯಲ್ಲೇ ಕೂಡುತ್ತದೆ. ಉಪ್ಪು ಬೆರೆಸಿದರೆ ಗುಂಪು ಬೆಳೆಯುತ್ತದೆ. ಚಿಕ್ಕ ಗುಂಪುಗಳು ಹೈಡ್ರಾಕ್ಸಿಲ್‌ಗಳ ಮೂಲಕ ಹೈಡ್ರೋಜನ್ ಬಂಧ ಬೆಸೆದು ದೊಡ್ಡವಾಗುತ್ತವೆ ಎಂಬ ಎರಡು ಹಂತದ ಮಾದರಿಯನ್ನು 1960ರ ದಶಕದಲ್ಲಿ ಸಂಶೋಧಕ ಡೊನಾಲ್ಡ್ ಸ್ಮಾಲ್ ಮುಂದಿಟ್ಟರು.

ಇದೆಲ್ಲ ಊಟದಲ್ಲಿ ಏನು ಮಾಡುತ್ತದೆ ಎಂದು ನೋಡಲು ಕೊಡಗಿನ ಹಂದಿ ಮಾಂಸದ ಸಾರಾದ ಪಂದಿ ಕರಿಗೆ ಬರೋಣ. ಮಡಿಕೇರಿಯ ಚಳಿಯಲ್ಲಿ ಸಾರಿನ ಮೇಲೆ ಬಿಳಿಯಾಗಿ ಹೆಪ್ಪುಗಟ್ಟುವ ಆ ಕೊಬ್ಬನ್ನು ಕರುಳಿನಲ್ಲಿ ಲೈಪೇಸ್ ಕಿಣ್ವ ಕೊಬ್ಬಿನಾಮ್ಲ ಮತ್ತು ಮೊನೊಗ್ಲಿಸರೈಡ್‌ಗಳಾಗಿ ಒಡೆಯುತ್ತದೆ. ಇವೂ ಪಿತ್ತರಸದಲ್ಲಿರುವ ಲೆಸಿಥಿನ್ ಎಂಬ ಕೊಬ್ಬಿನಂಥ ವಸ್ತುವೂ ಪಿತ್ತ ಲವಣದೊಡನೆ ಸೇರಿ ಮಿಶ್ರ ಮೈಸೆಲ್ ಆಗುತ್ತವೆ. ಒಂಟಿ ಪಿತ್ತ ಲವಣದ ಮೈಸೆಲ್‌ಗಿಂತ ಇದರ ಹೊರುವ ಶಕ್ತಿ ಬಹಳ ಹೆಚ್ಚು. ಕರುಳಿನ ಗೋಡೆಗೆ ಅಂಟಿದ ನಿಂತ ನೀರಿನ ಪದರವನ್ನು ಕೊಬ್ಬು ದಾಟುವುದು ಈ ಮೈಸೆಲ್‌ಗಳ ಬಲದಿಂದ. ಮೈಸೆಲ್ ಮಾತ್ರ ಇಡಿಯಾಗಿ ಒಳಹೋಗುವುದಿಲ್ಲ: ಸರಕನ್ನು ಇಳಿಸಿದ ಪಿತ್ತ ಲವಣದಲ್ಲಿ ಸುಮಾರು 95 ಶೇಕಡಾ ಸಣ್ಣ ಕರುಳಿನ ಕೊನೆಯ ಭಾಗದಿಂದ ಯಕೃತ್ತಿಗೆ ಮರಳುತ್ತದೆ.

ಪಂದಿ ಕರಿಗೆ ಹಾಕುವ ಕಾಚಂಪುಳಿ ಎಂಬ ಹಣ್ಣಿನ ರಸದ ಹುಳಿ ಇದನ್ನೆಲ್ಲ ಕೆಡಿಸದೇ? ಜಠರದ ಆಮ್ಲದ ಮುಂದೆ ಅದು ಯಾವ ಲೆಕ್ಕ! ಮೇದೋಜೀರಕ ಗ್ರಂಥಿಯ ಬೈಕಾರ್ಬನೇಟ್ ಎರಡನ್ನೂ ತಣಿಸುತ್ತದೆ. ಮೇಲಾಗಿ ಯಕೃತ್ತು ಪಿತ್ತಾಮ್ಲಕ್ಕೆ ಗ್ಲೈಸಿನ್ ಅಥವಾ ಟಾರಿನ್ ಜೋಡಿಸಿಯೇ ಕಳುಹಿಸುತ್ತದೆ. ಜೋಡಣೆಯಿಲ್ಲದಾಗ ಸುಮಾರು 5 ಇರುವ ಪಿಕೆಎ ಮೌಲ್ಯ (ಯಾವ ಪಿಎಚ್‌ನಲ್ಲಿ ಅರ್ಧದಷ್ಟು ಅಣುಗಳು ಆವೇಶ ಕಳೆದುಕೊಂಡಿರುತ್ತವೆ ಎಂಬ ಅಂಕಿ) ಗ್ಲೈಸಿನ್‌ನಿಂದ 4ರ ಆಸುಪಾಸಿಗೆ, ಟಾರಿನ್‌ನಿಂದ 2ಕ್ಕಿಂತ ಕೆಳಗೆ ಇಳಿಯುತ್ತದೆ. ಆದ್ದರಿಂದ ಸಣ್ಣ ಕರುಳಿನಲ್ಲಿ ಅದು ಆವೇಶ ಕಳೆದುಕೊಂಡು ಗಸಿಯಾಗಿ ಕೂರುವುದಿಲ್ಲ.