ಪಾಲಕ್ ತಿಂದ ಮೇಲೆ ಹಲ್ಲು ಯಾಕೆ ತರಿತರಿ ಆಗುತ್ತದೆ?

ಪ್ರಶ್ನೆ: ಪಾಲಕ್ ಪಲ್ಯ ತಿಂದಾಗಲೆಲ್ಲ ಹಲ್ಲಿನ ಮೇಲೆ ಏನೋ ಅಂಟಿದ ಹಾಗೆ ಅನ್ನಿಸುತ್ತದೆ. ನಾಲಿಗೆ ಆಡಿಸಿದರೆ ತರಿತರಿ. ಎಷ್ಟು ತೊಳೆದು ಮಾಡಿದರೂ ಇದೇ ಕತೆ. ಸೊಪ್ಪಿಗೆ ಹೊಡೆದ ಔಷಧಿ ಇರಬಹುದಾ? ಹಲ್ಲಿಗೆ ತೊಂದರೆ ಇದೆಯಾ?

ಉತ್ತರ: ಔಷಧಿ ಅಲ್ಲ, ಮಣ್ಣೂ ಅಲ್ಲ. ನಿಮ್ಮ ಹಿತ್ತಲಲ್ಲೇ ಬೆಳೆದ ಪಾಲಕ್ ತಿಂದರೂ ಹೀಗೇ ಆಗುತ್ತದೆ. ಕಾರಣ ಎಲೆಯೊಳಗಿನ ಆಕ್ಸಾಲಿಕ್ ಆಮ್ಲ. ಪಾಲಕ್‌ನಲ್ಲಿ ಇದು ತುಂಬಾ ಜಾಸ್ತಿ. 100 ಗ್ರಾಂ ಹಸಿ ಸೊಪ್ಪಿನಲ್ಲಿ ಸುಮಾರು 600ರಿಂದ 1000 ಮಿಲಿಗ್ರಾಂ ಇರುತ್ತದೆ.

ಈ ಆಮ್ಲ ಕ್ಯಾಲ್ಸಿಯಂ ಸಿಕ್ಕಿದರೆ ಬಿಡುವುದಿಲ್ಲ. ಎರಡೂ ಸೇರಿ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ, ನೀರಿನಲ್ಲಿ ಕರಗದ ಹರಳು ಆಗುತ್ತದೆ. ನಮ್ಮ ಎಂಜಲಿನಲ್ಲಿ ಯಾವಾಗಲೂ ಕ್ಯಾಲ್ಸಿಯಂ ಇರುತ್ತದೆ ಅಲ್ವಾ? ಸೊಪ್ಪು ಅಗಿದಾಗ ಆಮ್ಲ ಹೊರಗೆ ಬಂದು ಅದರ ಜೊತೆ ಸೇರುತ್ತದೆ. ಕಣ್ಣಿಗೆ ಕಾಣದ ಹರಳುಗಳು ಹಲ್ಲಿನ ಮೇಲೆ ಕೂರುತ್ತವೆ. ಎಲೆಯಲ್ಲಿ ಮೊದಲೇ ಇದ್ದ ಹರಳುಗಳೂ ಇವಕ್ಕೆ ಸೇರುತ್ತವೆ. ಹಲ್ಲಿಗೆ ಸೀಮೆಸುಣ್ಣ ಸವರಿದ ಹಾಗೆ ಅನ್ನಿಸುವುದು ಅದಕ್ಕೇ. ಎಳೆ ಅಡಿಕೆ, ಬಾಳೆಕಾಯಿ ತಿಂದಾಗಿನ ಒಗರು ಬೇರೆ. ಅದು ಟ್ಯಾನಿನ್‌ನ ಕೆಲಸ.

ಹಲ್ಲಿನ ಬಗ್ಗೆ ಹೆದರಬೇಡಿ. ಬಾಯಿ ಮುಕ್ಕಳಿಸಿ, ಸ್ವಲ್ಪ ಹೊತ್ತಿನಲ್ಲಿ ಹೋಗುತ್ತದೆ. ಹಲ್ಲು ಜುಮ್ ಅನ್ನುವವರಿಗೆ ದಂತವೈದ್ಯರು ಆಕ್ಸಲೇಟ್ (ಆಕ್ಸಾಲಿಕ್ ಆಮ್ಲದ ಲವಣ ರೂಪ) ಇರುವ ಔಷಧಿಯನ್ನೇ ಹಚ್ಚುವುದೂ ಉಂಟು. ಅಲ್ಲೂ ಇದೇ ಹರಳು ಹುಟ್ಟಿ ಹಲ್ಲಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ.

ಕಡಿಮೆ ಮಾಡಬೇಕೆಂದರೆ ಸೊಪ್ಪನ್ನು ಜಾಸ್ತಿ ನೀರಿನಲ್ಲಿ ಕುದಿಸಿ, ನೀರು ಚೆಲ್ಲಿ. ಕ್ಯಾಲ್ಸಿಯಂ ಜೊತೆ ಇನ್ನೂ ಸೇರದ, ಕರಗುವ ಆಕ್ಸಲೇಟ್ ಆ ನೀರಿಗೆ ಇಳಿಯುತ್ತದೆ. ಬೇರೆ ಬೇರೆ ತರಕಾರಿಗಳನ್ನು ಕುದಿಸಿ ನೋಡಿದ ಒಂದು ಅಧ್ಯಯನದಲ್ಲಿ ಅದು ಶೇ. 30ರಿಂದ 87ರಷ್ಟು ಇಳಿದಿತ್ತು. ಆವಿಯಲ್ಲಿ ಬೇಯಿಸಿದರೆ ಅಷ್ಟು ಹೋಗುವುದಿಲ್ಲ. ಒಗ್ಗರಣೆಗೆ ನೇರವಾಗಿ ಹಾಕಿ ಬಾಡಿಸಿದರೆ ಎಲ್ಲವೂ ಬಾಣಲೆಯಲ್ಲೇ ಉಳಿಯುತ್ತದೆ. ನಿಮ್ಮ ಪಲ್ಯದ ಕತೆ ಇದೇ ಇರಬೇಕು.

ಬಸ್ಸಾರು ಮಾಡುವ ಮನೆಗಳಲ್ಲಿ ಒಂದು ವಿಷಯ ಗಮನಿಸಿ. ಬಸಿದ ಸೊಪ್ಪಿನ ಪಲ್ಯ ಹಗುರವಾಗುತ್ತದೆ ನಿಜ, ಆದರೆ ಆಕ್ಸಲೇಟ್ ಕಟ್ಟಿನ ಜೊತೆ ಸಾರಿಗೆ ಹೋಗುತ್ತದೆ. ದಂಟು, ಹರಿವೆ ಸೊಪ್ಪಿನಲ್ಲೂ ಇದು ಚೆನ್ನಾಗಿಯೇ ಇದೆ. ಹಾಗಂತ ಎಲ್ಲರೂ ಕಟ್ಟು ಚೆಲ್ಲಬೇಕಿಲ್ಲ. ವಿಟಮಿನ್ ಸಿ, ಫೋಲೇಟ್ ಕೂಡ ಅದರಲ್ಲೇ ಇರುತ್ತವೆ. ಆದರೆ ಆಕ್ಸಲೇಟ್‌ನಿಂದಾದ ಕಿಡ್ನಿ ಕಲ್ಲಿನ ತೊಂದರೆ ಇದ್ದವರಿಗೆ ಆ ಸಾರು ಬಡಿಸುವುದು ಬೇಡ.

ನನಗೆ ಹಲ್ಲಿಗಿಂತ ಮುಖ್ಯ ಅನ್ನಿಸುವುದು ಮೂಳೆಯ ವಿಷಯ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದೆ ಎಂದು ಮಕ್ಕಳಿಗೆ, ವಯಸ್ಸಾದವರಿಗೆ ಕೊಡುತ್ತೇವೆ. ಇದೆ, ಆದರೆ ಅದರ ಬಹುಪಾಲನ್ನು ಆಕ್ಸಲೇಟ್ ಹಿಡಿದಿಟ್ಟುಕೊಂಡಿರುತ್ತದೆ. 1988ರ ಅಮೆರಿಕದ ಅಧ್ಯಯನವೊಂದರಲ್ಲಿ ಹಾಲಿನ ಕ್ಯಾಲ್ಸಿಯಂ ಸುಮಾರು ಶೇ. 28ರಷ್ಟು ದೇಹಕ್ಕೆ ಸೇರಿದರೆ, ಪಾಲಕ್‌ನದು ಸುಮಾರು ಶೇ. 5 ಮಾತ್ರ. ಅದಕ್ಕೇ ಪಾಲಕ್ ನಂಬಿ ಹಾಲು, ರಾಗಿ ಬಿಡಬೇಡಿ. ಕಬ್ಬಿಣಾಂಶದ ವಿಷಯದಲ್ಲೂ ಪಾಲಕ್ ಒಂದನ್ನೇ ನೆಚ್ಚಿಕೊಳ್ಳುವುದು ಬೇಡ.

ಪಾಲಕ್ ಜೊತೆಗೆ ಮೊಸರು, ಪನೀರ್ ಇದ್ದರೆ ಒಳ್ಳೆಯದು. ಅವುಗಳ ಕ್ಯಾಲ್ಸಿಯಂ ಆಕ್ಸಲೇಟನ್ನು ಊಟದಲ್ಲೇ ಹಿಡಿದುಬಿಡುತ್ತದೆ. ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ.

ದಿನಾ ಬೆಳಿಗ್ಗೆ ಹಸಿ ಪಾಲಕ್ ಜ್ಯೂಸ್ ಕುಡಿಯುವವರಿಗೆ ಮಾತ್ರ ಒತ್ತಿ ಹೇಳುತ್ತೇನೆ, ಅದನ್ನು ನಿಲ್ಲಿಸಿ. ಹಸಿರು ಜ್ಯೂಸ್ ಅತಿಯಾಗಿ ಕುಡಿದು ಕಿಡ್ನಿಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಕಿಡ್ನಿ ಕಲ್ಲುಗಳಲ್ಲಿ ಹೆಚ್ಚಿನವು ಇದೇ ಕ್ಯಾಲ್ಸಿಯಂ ಆಕ್ಸಲೇಟ್‌ನವು. ಒಮ್ಮೆ ಕಲ್ಲು ಬಂದಿದ್ದರೆ ಎಷ್ಟು ಪಾಲಕ್ ತಿನ್ನಬಹುದು ಎಂದು ವೈದ್ಯರನ್ನು ಕೇಳಿ. ಅಲ್ಲಿಯವರೆಗೆ ಮೆಂತ್ಯ ಸೊಪ್ಪು, ಎಲೆಕೋಸು ಇವೆಯಲ್ಲ. ಇವುಗಳಲ್ಲಿ ಆಕ್ಸಲೇಟ್ ಪಾಲಕ್‌ಗಿಂತ ಎಷ್ಟೋ ಕಡಿಮೆ.